ಮಧ್ಯಾಹ್ನದವರೆಗೆ ಈ ಗೋಡೆ ನಿನ್ನದು

ನಾನು ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಎಂದರೆ, ಗಿರಾಕಿ ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ ಬಣ್ಣದ ಸಂಖ್ಯೆಯನ್ನು ಒಂದು ಯಂತ್ರಕ್ಕೆ ಒತ್ತುವುದು, ಅದು ಡಬ್ಬಿಗೆ ಹನಿಸಿದ್ದನ್ನು ಇನ್ನೊಂದು ಯಂತ್ರಕ್ಕೆ ಕೊಟ್ಟು ಕುಲುಕಿಸುವುದು, ಆಮೇಲೆ ಕಡ್ಡಿ ಅದ್ದಿ ತೋರಿಸಿ "ಇದೇ ಅಲ್ವಾ ನೀವು ಕೇಳಿದ್ದು?" ಎಂದು ಧೈರ್ಯವಾಗಿ ಕೇಳುವುದು. ಮೊದಲೆರಡು ಕೆಲಸ ಯಂತ್ರದ್ದು, ಧೈರ್ಯ ಮಾತ್ರ ನನ್ನದು. ಅಮ್ಮ ಅಕ್ಕಪಕ್ಕದವರಿಗೆಲ್ಲ "ನಮ್ಮವನು ಕಲರ್ ಲೈನಲ್ಲಿದ್ದಾನೆ" ಎನ್ನುತ್ತಾಳೆ. ಸಿನಿಮಾ ಇರಬೇಕು ಎಂದುಕೊಂಡು ಅವರು ನನಗೆ ಎರಡು ದಿನ ಮರ್ಯಾದೆ ಕೊಡುತ್ತಾರೆ. ಮೂರನೇ ದಿನ ಉಗುರಿನ ಸಂದಿಯಲ್ಲಿ ಉಳಿದ ಪಿಸ್ತಾ ಹಸಿರು ನೋಡಿ ವಾಪಸ್ ತೆಗೆದುಕೊಳ್ಳುತ್ತಾರೆ.

ಈ ಕೆಲಸಕ್ಕೆ ನನ್ನನ್ನು ತಂದುಬಿಟ್ಟವರು ನಮ್ಮ ಡ್ರಾಯಿಂಗ್ ಮಿಸ್. ಏಳನೇ ಕ್ಲಾಸಿನಲ್ಲಿ ನಾನೊಂದು ಎಮ್ಮೆ ಬರೆದು ಅವರ ಮೇಜಿನ ಮೇಲಿಟ್ಟೆ. ಅವರು ಕಾಗದವನ್ನು ತಲೆಕೆಳಗು ಮಾಡಿ ನೋಡಿದರು. ಮತ್ತೆ ನೇರ ಮಾಡಿ ನೋಡಿದರು.

"ಏನೋ ಇದು?"

"ಎಮ್ಮೆ, ಮಿಸ್."

"ಎಮ್ಮೆಗೆ ಹೇಳಿದ್ದೀಯಾ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಆದರೆ ಮಿಸ್ ನಗಲಿಲ್ಲ. ಎಮ್ಮೆಯ ಬೆನ್ನಿನ ಮೇಲೆ ಬೆರಳಿಟ್ಟು, "ಈ ಕಪ್ಪಿಗೆ ನೀಲಿ ಬೆರೆಸಿದೀಯಲ್ಲ, ಯಾರು ಹೇಳಿಕೊಟ್ರು?" ಎಂದರು.

"ಯಾರೂ ಇಲ್ಲ ಮಿಸ್. ಬಿಸಿಲಲ್ಲಿ ಹಾಗೇ ಕಾಣತ್ತೆ."

"ಕೈ ದಂಡ. ಕಣ್ಣು ಪರವಾಗಿಲ್ಲ" ಎಂದು ಇಪ್ಪತ್ತೈದಕ್ಕೆ ಒಂಬತ್ತು ಅಂಕ ಹಾಕಿದರು. ಓದು ಮುಗಿಸಿ ನಾನು ಕೆಲಸವಿಲ್ಲದೆ ಬೀದಿ ಅಳೆಯುತ್ತಿದ್ದಾಗ ಅದೇ ಮಿಸ್ ನನ್ನನ್ನು ಈ ಅಂಗಡಿಗೆ ಎಳೆದು ತಂದು ಯಜಮಾನರ ಮುಂದೆ ನಿಲ್ಲಿಸಿ, "ಇವನಿಗೆ ಬರೆಯೋಕೆ ಬರಲ್ಲ, ಬಣ್ಣ ಕಾಣತ್ತೆ, ಇಟ್ಕೊಳ್ಳಿ" ಎಂದರು. ನನ್ನ ಬಗ್ಗೆ ಇಲ್ಲಿಯವರೆಗೆ ಯಾರಾದರೂ ಕೊಟ್ಟ ಅತ್ಯುತ್ತಮ ಪ್ರಮಾಣಪತ್ರ ಅದೇ.

ಟೀಚರುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕ್ಷಮೆ, ಸಹನೆ, ತ್ಯಾಗ ಎಂದು ಶುರು ಮಾಡುತ್ತಾರೆ. ನಮ್ಮ ಮಿಸ್‌ಗೆ ಸಹನೆ ಬೇಕಾದಷ್ಟಿತ್ತು, ಕ್ಷಮೆ ಮಾತ್ರ ಒಂದು ಚಿಟಿಕೆಯೂ ಇರಲಿಲ್ಲ. ಒಂದು ಮನೆತನದ ಬಾಯಿಂದ ಒಂದೇ ಒಂದು ವಾಕ್ಯ ಕೇಳಿಸಿಕೊಳ್ಳಬೇಕೆಂದು ನಲವತ್ತಾರು ವರ್ಷ ಕಾದ ಹೆಂಗಸು ಆಕೆ. ಆ ವಾಕ್ಯ ಏನೆಂದು ಹೇಳಬೇಕಾದರೆ ಅವರ ಅಪ್ಪನ ಏಣಿಯಿಂದ ಶುರು ಮಾಡಬೇಕು.

ಅಪ್ಪ ಮನೆಗಳಿಗೆ ಬಣ್ಣ ಹೊಡೆಯುವವರು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ರಜೆಯ ದಿನ ಮಗಳನ್ನೂ ಕೆಲಸಕ್ಕೆ ಕರೆದೊಯ್ಯುತ್ತಿದ್ದರು. ಸಾಮಾನೆಲ್ಲ ಹೊರಗೆ ಸಾಗಿಸಿದ ಖಾಲಿ ಕೋಣೆ. ಹಳೇ ಬಣ್ಣ ಕೆರೆದು ಒರೆಸಿದ ಗೋಡೆ. ಅಪ್ಪ ಆಚೆ ಕೋಣೆಯಲ್ಲಿ ಚಾವಣಿಯ ಕೆಲಸ ಹಿಡಿಯುವ ಮೊದಲು ಮಗಳ ಕೈಗೊಂದು ಇದ್ದಿಲ ತುಂಡು ಕೊಟ್ಟು, "ಮಧ್ಯಾಹ್ನದವರೆಗೆ ಈ ಗೋಡೆ ನಿಂದು, ಪುಟ್ಟಿ" ಎನ್ನುತ್ತಿದ್ದರು.

ಕಾಗದದಲ್ಲಿ ಬರೆದು ಬೆಳೆದ ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ. ಹತ್ತಡಿ ಎತ್ತರದ, ಹದಿನೈದಡಿ ಉದ್ದದ ಗೋಡೆ! ಒಂದು ಗೆರೆ ಎಳೆಯಬೇಕಾದರೆ ಓಡಬೇಕು. ಮಿಸ್ ಹೇಳುತ್ತಿದ್ದರು, "ನಾನು ಚಿತ್ರ ಕಲಿತದ್ದು ಕೈಯಲ್ಲಲ್ಲ ಕಣೋ, ಕಾಲಲ್ಲಿ." ಓಡಿ ಓಡಿ ಬಸ್ಸು ಬರೆದರು, ಬಾವಿ ಬರೆದರು, ಪಕ್ಕದ ಮನೆಯ ಮುದುಕಿಯ ಮೂಗನ್ನೇ ಐದಡಿ ಬರೆದರು. ಊಟದ ಹೊತ್ತಿಗೆ ಅಪ್ಪ ಕೈ ಒರೆಸಿಕೊಂಡು ಬಂದು, ಗೋಡೆಯ ಎದುರು ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಊಟ ಮುಗಿಯುವವರೆಗೂ ಚಿತ್ರ ನೋಡುತ್ತಿದ್ದರು. ಮೂಗು ನೋಡಿ ಅನ್ನ ನೆತ್ತಿಗೆ ಹತ್ತುವ ಹಾಗೆ ನಕ್ಕಿದ್ದರಂತೆ. ಆಮೇಲೆ ಬ್ರಷ್ಷನ್ನು ಮಗಳ ಕೈಗೇ ಕೊಡುತ್ತಿದ್ದರು. "ಬರೆದವರೇ ಒರೆಸಬೇಕು. ಮೊದಲ ಪಟ್ಟಿ ನಿಂದು." ಮಗಳು ಒಂದು ಪಟ್ಟಿ ಬಳಿದ ಮೇಲೆಯೇ ಅಪ್ಪ ಉಳಿದದ್ದನ್ನು ಮುಚ್ಚುತ್ತಿದ್ದದ್ದು.

ಹೀಗೆ ಆ ಊರಿನ ಅರ್ಧ ಮನೆಗಳ ಬಣ್ಣದ ಕೆಳಗೆ ಒಬ್ಬ ಹುಡುಗಿಯ ಬಾಲ್ಯ ಒಣಗಿ ಕೂತಿದೆ. ಮನೆಯವರಿಗೆ ಗೊತ್ತಿಲ್ಲ, ಅಷ್ಟೆ.

ಮರದ ಮಿಲ್ಲಿನ ಮಾಲೀಕರ ಮನೆಯ ಹಜಾರದಲ್ಲಿ ಕೆಲಸ ಬಿದ್ದಾಗ ಹುಡುಗಿಗೆ ಹನ್ನೊಂದು ವರ್ಷ. ಇದ್ದಿಲು ಮುಗಿದಿತ್ತು. ಕಿಟಕಿಯ ಮೇಲೊಂದು ಪೆನ್ಸಿಲ್ ಸಿಕ್ಕಿತು. ಎರಡು ಪ್ರತಿ ಬೇಕಾದ ಕಾಗದಗಳನ್ನು ಬರೆಯಲು ಆಗ ಕಚೇರಿಗಳಲ್ಲಿ ಒಂದು ಬಗೆಯ ಕಾಪಿಂಗ್ ಪೆನ್ಸಿಲ್ ಇರುತ್ತಿತ್ತು. ಒಣಗಿದ್ದಾಗ ಮಾಮೂಲಿ ಪೆನ್ಸಿಲ್ಲಿನ ಹಾಗೇ ಬೂದು ಗೆರೆ. ನೀರು ತಾಗಿತೋ, ನೇರಳೆ ಬಣ್ಣ ಹಿಡಿದು ಏಳುತ್ತದೆ. ಹುಡುಗಿಗೆ ಅದು ಗೊತ್ತಿರಲಿಲ್ಲ. ಏಣಿ ಹತ್ತಿ ನಿಂತ ಅಪ್ಪನನ್ನು ಬರೆದಳು. ಅಪ್ಪ ನೋಡಿದರು, ಮೊದಲ ಪಟ್ಟಿ ಬಳಿಸಿದರು, ಮುಚ್ಚಿದರು.

ಎರಡು ದಿನ ಬಿಟ್ಟು, ತಿಳಿ ಕೆನೆ ಬಣ್ಣದ ಹಜಾರದಲ್ಲಿ ಏಣಿ ಸಮೇತ ಅಪ್ಪ ನೇರಳೆಯಾಗಿ ಎದ್ದು ನಿಂತರು. ಅಪ್ಪ ಮತ್ತೊಂದು ಸಲ ಬಳಿದರು. ಮತ್ತೆ ಎದ್ದರು. ಮೂರನೇ ಸಲವೂ ಎದ್ದಾಗ ಮಿಲ್ ಮಾಲೀಕರ ಮನೆ ತುಂಬ ಅತಿಥಿಗಳು. ಮಾಲೀಕರು ಅಪ್ಪನನ್ನು ಮಗಳ ಸಮೇತ ಕರೆಸಿ ಹಜಾರದ ನಡುವೆ ನಿಲ್ಲಿಸಿದರು.

"ಎಲ್ಲರ ಮುಂದೆ ಹೇಳು. ನನಗೆ ಕೆಲಸ ಗೊತ್ತಿಲ್ಲ ಅಂತ."

ಅಪ್ಪ ನೆಲ ನೋಡುತ್ತ ಹೇಳಿದರು. "ನನಗೆ ಕೆಲಸ ಗೊತ್ತಿಲ್ಲ."

ಮಾಲೀಕರ ಮಗ ಅಲ್ಲೇ ಸೋಫಾದ ಕೈ ಮೇಲೆ ಕೂತಿದ್ದ. ಇವಳದೇ ವಯಸ್ಸು. ಕಿವಿಗೆ ಕೈ ಇಟ್ಟು, "ಕೇಳಿಸಲಿಲ್ಲ" ಎಂದ. ಅತಿಥಿಗಳು ನಕ್ಕರು. ಅಪ್ಪ ಇನ್ನೊಂದು ಸಲ ಹೇಳಿದರು. "ಕೇಳಿಸಲಿಲ್ಲ." ಮತ್ತೊಂದು ಸಲ.

ಒಟ್ಟು ಮೂರು ಸಲ. ಹುಡುಗಿ ಎಣಿಸಿಕೊಂಡಳು.

ಆ ವಾರವೇ ಬಡಗಿಯೊಬ್ಬರನ್ನು ಕೇಳಿ ಅಪ್ಪ ಉಪಾಯ ತಿಳಿದುಕೊಂಡರು. ಕಲೆಯ ಮೇಲೆ ಮೊದಲು ಅರಗಿನ ಪಾಲಿಶ್ ಹಚ್ಚಬೇಕು. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ನೀರಿನ ಸಂಬಂಧವಿಲ್ಲದ್ದು. ಅದು ಒಣಗಿದ ಮೇಲೆ ಬಣ್ಣ ಹೊಡೆದರೆ ಯಾವ ನೇರಳೆಯೂ ಮೇಲೆ ಬರುವುದಿಲ್ಲ. ಹಜಾರ ಚೊಕ್ಕಟವಾಯಿತು. ಮಗಳಿಗೆ ಅಪ್ಪ ಒಂದು ಏಟೂ ಹೊಡೆಯಲಿಲ್ಲ. ಮುಂದಿನ ರಜೆಗೆ ಮತ್ತೆ ಇದ್ದಿಲು ಕೊಟ್ಟು "ಮಧ್ಯಾಹ್ನದವರೆಗೆ ನಿಂದು" ಎಂದರು. ಊಟದ ಡಬ್ಬಿ ಹಿಡಿದು ಗೋಡೆಯ ಎದುರು ಕೂತರು ಕೂಡ. ಆದರೆ ಅಂದಿನಿಂದ ಚಿತ್ರ ನೋಡುವ ಮೊದಲು ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು. ಸಾಯುವವರೆಗೂ ನೋಡಿದರು.

"ಉಳಿದದ್ದೆಲ್ಲ ಬಿಡು. ಆ ಬಾಗಿಲು ನೋಡೋದಿತ್ತಲ್ಲ, ಅದನ್ನ ಮಾತ್ರ ನಾನು ಬಿಡಲ್ಲ" ಎನ್ನುತ್ತಿದ್ದರು ಮಿಸ್.

ಹುಡುಗಿ ಬೆಳೆದು ಚಿತ್ರಕಲೆ ಕಲಿತು ನಮ್ಮ ಶಾಲೆಗೆ ಬಂದರು. ಮಹಡಿಯ ಮೂಲೆಯಲ್ಲಿ ಅವರಿಗೊಂದು ಡ್ರಾಯಿಂಗ್ ಕೋಣೆ. ಅದರ ಒಂದಿಡೀ ಗೋಡೆಗೆ ಕಪ್ಪು ಬಳಿಸಿ, ಸೀಮೆಸುಣ್ಣ ಕೊಟ್ಟು ನಮ್ಮನ್ನು ಓಡಲು ಬಿಡುತ್ತಿದ್ದರು. ಶುಕ್ರವಾರ ಒದ್ದೆ ಬಟ್ಟೆ ಕೊಟ್ಟು, "ಬರೆದವರೇ ಒರೆಸಬೇಕು" ಎನ್ನುತ್ತಿದ್ದರು. ಚೆನ್ನಾಗಿ ಬರೆದವರು ಅಳುತ್ತಿದ್ದರು. ನಾನು ಕೃತಜ್ಞತೆಯಿಂದ ಒರೆಸುತ್ತಿದ್ದೆ. "ಚಿತ್ರ ಹೋದ್ರೆ ಹೋಗ್ಲಿ, ಕೈಯಲ್ಲಿ ಉಳಿಯತ್ತೆ" ಎನ್ನುವುದು ಅವರ ಮಾತು. ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ, ಅದು ಅವರ ತಪ್ಪಲ್ಲ.

ಮೂವತ್ತು ವರ್ಷ ಹೀಗೆ ನಡೆಯಿತು. ಹೋದ ವರ್ಷ ಶಾಲೆಯ ಆಡಳಿತ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಮರದ ಮಿಲ್ಲಿನ ಮಾಲೀಕರ ಮಗ. ಈಗ ಹೊಟ್ಟೆ, ಕನ್ನಡಕ, ಹಿಂದೆ ಕೊಡೆ ಹಿಡಿಯಲು ಡ್ರೈವರ್ ಎಲ್ಲ ಇತ್ತು. ಶಾಲೆ ಸುತ್ತಿ ನೋಡಿ ಮೊದಲ ವಾರವೇ ಆಜ್ಞೆ ಹೊರಡಿಸಿದರು. ಗಾಳಿ ಬೆಳಕು ಚೆನ್ನಾಗಿರುವ ಡ್ರಾಯಿಂಗ್ ಕೋಣೆ ಅಧ್ಯಕ್ಷರ ಸಭಾ ಕೊಠಡಿಯಾಗಬೇಕು. ಡ್ರಾಯಿಂಗ್ ಕ್ಲಾಸು ಸದ್ಯಕ್ಕೆ ಬೇಡ. ಟೀಚರ್ ಹೇಗೂ ನಾಲ್ಕು ತಿಂಗಳಲ್ಲಿ ನಿವೃತ್ತಿ ತಾನೆ?

ಮಿಸ್ ಅಂಗಡಿಗೆ ಬಂದರು. ಬ್ಯಾಗು ಕೌಂಟರಿನ ಮೇಲಿಟ್ಟು ಕೇಳಿದರು, "ಶಾಲೆಗೆ ಯಾವ ಬಣ್ಣ ಆರ್ಡರ್ ಕೊಟ್ಟಿದ್ದಾರೋ?"

"ತಿಳಿ ಕೆನೆ, ಮಿಸ್. ನೀರಿನದು."

"ಅರಗಿನ ಪಾಲಿಶ್ ಏನಾದ್ರೂ?"

"ಅದೆಲ್ಲ ಯಾಕೆ ಮಿಸ್, ಗೋಡೆಗೆ?"

"ಅದೇ ಕೇಳಿದೆ. ಯಾಕೆ, ಅಲ್ವಾ?" ಎಂದು ನಕ್ಕರು. ಆ ನಗು ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ನನಗೆ ಬಣ್ಣ ಕಾಣುತ್ತದೆ, ಬೇರೇನೂ ಕಾಣುವುದಿಲ್ಲ.

ಕಪ್ಪು ಬಣ್ಣವನ್ನೆಲ್ಲ ಕೆರೆದು ಗೋಡೆ ಬೋಳಾದ ದಿನ ಮಿಸ್ ತಮ್ಮ ಕೊನೆಯ ಕ್ಲಾಸು ತೆಗೆದುಕೊಂಡರು. ಹಿಂದೆಂದೋ ಬಾಗಿಲು ಮುಚ್ಚಿದ ಲೇಖನ ಸಾಮಗ್ರಿಯ ಅಂಗಡಿಯೊಂದರಿಂದ ಅವರು ಆ ಹಳೇ ಪೆನ್ಸಿಲ್ಲುಗಳ ಪೆಟ್ಟಿಗೆ ಎತ್ತಿಟ್ಟುಕೊಂಡಿದ್ದರು. ಯಾವ ಕೆಲಸಕ್ಕೆ ಎಂದು ಆಗ ಅವರಿಗೇ ಗೊತ್ತಿರಲಿಲ್ಲವಂತೆ. ನಲವತ್ತು ಮಕ್ಕಳಿಗೆ ಹಂಚಿ, "ಮಧ್ಯಾಹ್ನದವರೆಗೆ ಈ ಗೋಡೆ ನಿಮ್ಮದು. ನಿಮ್ಮನೇಲಿ ದುಡಿಯೋರು ಯಾರೋ ಅವರನ್ನ ಬರೀರಿ, ಕೆಲಸ ಮಾಡ್ತಿರೋ ಹಾಗೆ" ಎಂದರು. ಆ ದಿನ ಮಾತ್ರ ಒರೆಸುವ ಬಟ್ಟೆ ಕೊಡಲಿಲ್ಲ.

ಬಣ್ಣ ಹೊಡೆಯಲು ಬಂದವನು ನಾವೆಲ್ಲ ಉದ್ದಣ್ಣ ಎಂದು ಕರೆಯುವ ಪೇಂಟರ್. ಏಣಿ ಇಲ್ಲದೆಯೇ ಚಾವಣಿ ಮುಟ್ಟುವ ಆಳು. ಆ ಪೆನ್ಸಿಲ್ ಈಗ ಯಾರಿಗೆ ಗೊತ್ತು? ಮಕ್ಕಳ ಬೂದು ಗೀಚು ಎಂದುಕೊಂಡು ಮೊದಲ ಕೋಟು ಹೊಡೆದ. ಅಲ್ಲಲ್ಲಿ ನೇರಳೆ ಛಾಯೆ ಕಂಡಿತು. ತೇವ ಇರಬೇಕು ಎಂದು ಸಂಜೆಯೊಳಗೆ ಎರಡನೆಯದನ್ನೂ ದಪ್ಪಗೆ ಹೊಡೆದು ಮನೆಗೆ ಹೋದ. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಉದ್ಘಾಟನೆ.

ಹನ್ನೊಂದೂಕಾಲಿಗೆ ಅಂಗಡಿಗೆ ಫೋನು ಬಂತು. ಯಜಮಾನರು ನನ್ನನ್ನು ನೋಡಿ, "ನಿನ್ನ ಬಣ್ಣ ಏನೋ ಹುಟ್ಟಿಸಿದೆಯಂತೆ, ಹೋಗು" ಎಂದರು. ಬಣ್ಣ ಚೆನ್ನಾಗಿದ್ದ ದಿನ ಅದು ಅಂಗಡಿಯ ಬಣ್ಣ, ಕೆಟ್ಟ ದಿನ ನನ್ನದು.

ನಾನು ಹೋಗಿ ಬಾಗಿಲಲ್ಲಿ ನಿಂತೆ. ನಿಂತೇ ಇದ್ದೆ. ಉದ್ದ ಮೇಜು, ಹೊಸ ಕುರ್ಚಿಗಳು, ಮೂವತ್ತು ಜನ ದೊಡ್ಡವರು. ಅವರ ಎದುರಿನ ಕೆನೆ ಬಣ್ಣದ ಗೋಡೆಯ ತುಂಬ ನಲವತ್ತು ಜನ ನೇರಳೆ ದುಡಿಮೆಗಾರರು. ಹೊಲಿಗೆ ಯಂತ್ರ ತುಳಿಯುವ ಅಮ್ಮ. ಬಸ್ಸಿನ ಕೆಳಗೆ ಮಲಗಿ ಕಾಲು ಮಾತ್ರ ಹೊರಗಿಟ್ಟ ಮಾವ. ಮಿಲ್ಲಿನಲ್ಲಿ ದಿಮ್ಮಿ ಹೊರುವ ಅಪ್ಪ. ಅಧ್ಯಕ್ಷರ ಕುರ್ಚಿಯ ಹಿಂದಿನ ಜಾಗ ಡ್ರೈವರನ ಮಗಳಿಗೆ ಸಿಕ್ಕಿತ್ತು. ಅವಳು ತನ್ನ ಅಪ್ಪನನ್ನು ಪ್ರಾಮಾಣಿಕವಾಗಿ, ಕೆಲಸ ಮಾಡುತ್ತಿರುವ ಹಾಗೆಯೇ ಬರೆದಿದ್ದಳು. ಒಂದು ತೆಳ್ಳಗಿನ ಕೈ, ಒಂದು ಕೊಡೆ, ಕೊಡೆಯ ಕೆಳಗೆ ಒಂದು ದೊಡ್ಡ ಹೊಟ್ಟೆ. ಹೊಟ್ಟೆಗೆ ಮುಖ ಇರಲಿಲ್ಲ. ಮುಖ ಬೇಕಾಗಿಯೂ ಇರಲಿಲ್ಲ. ಎಲ್ಲಕ್ಕಿಂತ ಗಾಢವಾಗಿ ಎದ್ದದ್ದು ಅದೇ.

ಮಿಸ್ ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿದ್ದರು. ನಲವತ್ತಾರು ವರ್ಷದ ಸಾಲ ವಸೂಲಾಗುವುದನ್ನು ನೋಡುವ ಮುಖ.

ಆದರೆ ಅಧ್ಯಕ್ಷರು ಮಿಸ್ ಕಡೆ ತಿರುಗಲೇ ಇಲ್ಲ. ಉದ್ದಣ್ಣನ ಕಡೆ ತಿರುಗಿದರು.

"ಬಾರೋ ಇಲ್ಲಿ. ಏನಿದು? ಕೆಲಸ ಗೊತ್ತಾ ನಿನಗೆ?"

"ಗೊತ್ತು ಸಾರ್... ಇದು ಹೇಗೆ ಬಂತೋ..."

"ಗೊತ್ತಿದ್ರೆ ಹೀಗಾಗ್ತಿತ್ತಾ? ಗೊತ್ತಿಲ್ಲ ಅಂತ ಒಪ್ಕೋ. ಎಲ್ಲರ ಮುಂದೆ ಹೇಳು."

ಅಪ್ಪನಿಂದ ಮಗನಿಗೆ ಮಿಲ್ಲು ಮಾತ್ರ ಬಂದಿರಲಿಲ್ಲ. ಉದ್ದಣ್ಣ ಆ ಎತ್ತರವನ್ನೆಲ್ಲ ಎಲ್ಲಿ ಬಚ್ಚಿಡಲಿ ಎಂಬಂತೆ ಕುಗ್ಗಿ, ನೆಲ ನೋಡಿ, ಬಾಯಿ ತೆರೆದ. ಆಗ ನಾನು ಮಿಸ್ ಮುಖ ನೋಡಿದೆ. ಸುಣ್ಣವಾಗಿತ್ತು. ಸೇಡಿನ ಲೆಕ್ಕದಲ್ಲಿ ಅವರು ಒಬ್ಬನನ್ನು ಮರೆತಿದ್ದರು. ಗೋಡೆ ಕೆಟ್ಟರೆ ಮೊದಲು ಕರೆಯುವುದು ಪೇಂಟರನ್ನು. ಜಗತ್ತಿನಲ್ಲಿ ಅದನ್ನು ಮರೆಯಬಾರದ ಹೆಂಗಸು ಯಾರಾದರೂ ಇದ್ದರೆ ಅದು ಆಕೆ.

"ಹೇಳಬೇಡ ಕಣೋ!" ಕುರ್ಚಿ ಹಿಂದಕ್ಕೆ ಬಿತ್ತು. "ಅವನ ಕೆಲಸ ಸರಿಯಾಗೇ ಇದೆ. ಮಾಡಿದ್ದು ನಾನು."

ಪೆನ್ಸಿಲ್ಲಿನ ವಿಷಯ ಹೇಳಿದರು. ಹಜಾರದ ವಿಷಯ ಹೇಳಿದರು. ಏಣಿ, ಅತಿಥಿಗಳು, ಮೂರು ಸಲ, "ಕೇಳಿಸಲಿಲ್ಲ", ಎಲ್ಲ. ಅಧ್ಯಕ್ಷರು ಹುಬ್ಬು ಗಂಟಿಕ್ಕಿ ಯೋಚಿಸಿದರು, ನಿಜವಾಗಿಯೇ ಯೋಚಿಸಿದರು.

"ಯಾವ ಪೇಂಟರ್? ನನಗೇನೂ ನೆನಪಿಲ್ಲಮ್ಮ."

ಸುಳ್ಳಲ್ಲ. ನೆನಪಿರಲಿಲ್ಲ. ಮಿಸ್‌ಗೆ ಆ ದಿನ ಸಿಕ್ಕಿದ್ದು ಅದು, ಮತ್ತು ಸಂಜೆಯೊಳಗೆ ಅಮಾನತಿನ ಪತ್ರ.

ಅವರ ಮನೆಗೆ ನಾನು ಸಮಾಧಾನ ಹೇಳಲು ಹೋದೆ. ನನಗೆ ಸಮಾಧಾನ ಹೇಳಲೂ ಬರುವುದಿಲ್ಲ. "ಹೋಗ್ಲಿ ಬಿಡಿ ಮಿಸ್" ಎಂದೆ.

"ಬಿಡೋದೇನು? ಉದ್ದಣ್ಣನ ಮನೆಗೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದೆ. ಆ ಬಾಬ್ತು ಮುಗೀತು. ಇನ್ನೊಂದು ಹಾಗೇ ಇದೆ" ಎಂದು ಅಪ್ಪನ ಬ್ರಷ್ಷುಗಳಿದ್ದ ಡಬ್ಬಿ ತೆಗೆದು ತೋರಿಸಿದರು. ಅರಗಿನ ಪಾಲಿಶಿನ ಗುಟ್ಟನ್ನು ನನಗೆ ಹೇಳಿದ್ದು ಅವತ್ತೇ. "ನಿಮ್ಮಂಗಡೀಲಿ ಇದೆಯಾ ಅದು?"

"ಒಂದು ಸಾಲು ತುಂಬ ಇದೆ ಮಿಸ್."

"ಇದೆಯಾ?" ಎಂದರು ಮತ್ತೊಮ್ಮೆ, ಎಮ್ಮೆಯ ಕಾಗದ ತಲೆಕೆಳಗು ಮಾಡಿದಾಗಿನ ಅದೇ ದನಿಯಲ್ಲಿ.

"ಇಲ್ಲ ಮಿಸ್" ಎಂದೆ. ನಿಧಾನವಾದರೂ ಕಲಿಯುತ್ತೇನೆ.

ಮುಂದಿನ ಮೂರು ತಿಂಗಳು ನಮ್ಮ ಅಂಗಡಿಗೆ ಸುಗ್ಗಿ. ಶಾಲೆಯಿಂದ ತಿಳಿ ಕೆನೆಗೆ ಆರ್ಡರು ಬರುತ್ತಲೇ ಇತ್ತು. ಉದ್ದಣ್ಣ ಬರುವುದಿಲ್ಲ ಎಂದ. ಅವನ ಮಾತು ಕೇಳಿ ಊರಿನ ಯಾವ ಪೇಂಟರೂ ಆ ಮೆಟ್ಟಿಲು ಹತ್ತಲಿಲ್ಲ. ಪರ ಊರಿನಿಂದ ಕರೆಸಿದವರು ಬಳಿದರು. ಬಳಿದ ಮೇಲೆ ಮೂರು ದಿನ ಕೋಣೆ ಮದುವಣಗಿತ್ತಿಯ ಹಾಗಿರುತ್ತಿತ್ತು. ನಾಲ್ಕನೇ ದಿನ ಕೊಡೆ ಬಿಚ್ಚಿಕೊಳ್ಳುತ್ತಿತ್ತು. ಗೋಡೆಗೆ ಪರದೆ ಹಾಕಿಸಿದರು. ಸಭೆಗೆ ಬಂದವರು ಅಧ್ಯಕ್ಷರ ಮಾತು ಬಿಟ್ಟು ಪರದೆಯನ್ನೇ ನೋಡತೊಡಗಿದರು. ನೇರಳೆ ಕಲೆಗೆ ಏನಾದರೂ ಮದ್ದಿದೆಯೇ ಎಂದು ಫೋನು ಬಂದಾಗೆಲ್ಲ ನಾನು "ಸ್ಟಾಕ್ ಇಲ್ಲ ಸಾರ್" ಎನ್ನುತ್ತಿದ್ದೆ. ಈ ಮೂರು ಪದಗಳಲ್ಲಿ ಇಷ್ಟು ಸುಖ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಡೆಗೆ ಒಂದು ಬೆಳಿಗ್ಗೆ ಅಧ್ಯಕ್ಷರೇ ಬಂದರು. ಅಂಗಡಿಯಲ್ಲಿ ಯಜಮಾನರಿದ್ದರು, ಇಬ್ಬರು ಗಿರಾಕಿಗಳಿದ್ದರು, ಡಬ್ಬಿ ಇಳಿಸುತ್ತಿದ್ದ ಕೂಲಿಯವರಿದ್ದರು, ಬ್ರಷ್ಷು ಆರಿಸುತ್ತ ಉದ್ದಣ್ಣನೂ ಇದ್ದ. ಬಣ್ಣದ ಪುಸ್ತಕ ತಿರುವಿ ಹಾಕುತ್ತ ಮೂಲೆಯ ಸ್ಟೂಲಿನ ಮೇಲೆ ಮಿಸ್ ಇದ್ದರು. ಆ ವಾರವಷ್ಟೇ ನಿವೃತ್ತಿಯಾಗಿದ್ದರು, ಹೂವಿಲ್ಲ, ಭಾಷಣವಿಲ್ಲ. ಅಧ್ಯಕ್ಷರು ಅವರನ್ನು ನೋಡಲಿಲ್ಲ. ಕೌಂಟರಿಗೆ ಎರಡೂ ಮೊಣಕೈ ಊರಿ, ಸೋತ ದನಿಯಲ್ಲಿ ಹೇಳಿದರು.

"ಏನು ಮಾಡೋದಪ್ಪ ಆ ಗೋಡೆಗೆ? ನೀನೇ ಏನಾದ್ರೂ ಹೇಳು. ನನಗೆ ಈ ಕೆಲಸ ಗೊತ್ತಿಲ್ಲ."

ಮೂಲೆಯಲ್ಲಿ ಪುಟ ತಿರುಗುವ ಸದ್ದು ನಿಂತಿತು.

ಮಿಸ್ ತಲೆ ಎತ್ತಿದರು. ನನ್ನನ್ನೇ ನೋಡಿದರು. ಬಲಗೈಯನ್ನು ಕಿವಿಯ ಹತ್ತಿರ ತಂದು ಕೂದಲು ಸರಿಮಾಡಿಕೊಂಡರು, ಅಷ್ಟೆ. ನಾನು ಕುಲುಕುವ ಯಂತ್ರದ ಗುಂಡಿ ಒತ್ತಿದೆ. ಒಳಗೆ ಡಬ್ಬಿಯೇ ಇರಲಿಲ್ಲ, ಅದು ತಗಡಿನ ಮಳೆಯ ಹಾಗೆ ಗಡಗಡ ಎಂದಿತು.

"ಏನಂದ್ರಿ ಸಾರ್? ಮಿಷನ್ ಸದ್ದು. ಕೇಳಿಸಲಿಲ್ಲ."

"ನನಗೆ ಕೆಲಸ ಗೊತ್ತಿಲ್ಲ ಅಂದೆ!"

ಗಿರಾಕಿಗಳು ತಿರುಗಿ ನೋಡಿದರು. ಕೂಲಿಯವರು ಡಬ್ಬಿ ಕೆಳಗಿಟ್ಟರು.

"ಕೇಳಿಸಲಿಲ್ಲ ಸಾರ್, ಸ್ವಲ್ಪ ಜೋರಾಗಿ."

"ನನಗೆ! ಕೆಲಸ! ಗೊತ್ತಿಲ್ಲ!"

ಯಂತ್ರ ಆರಿಸಿದೆ. ಆ ಕೂಗು ಖಾಲಿ ಅಂಗಡಿಯಲ್ಲಿ ಎಂಬಂತೆ ಉಳಿಯಿತು. ಉದ್ದಣ್ಣ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ನೆಟ್ಟಗಾಗಿದ್ದ. ಸೇಡು ತೀರಿದ ಮೇಲೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ ಎಂದು ಹೇಳುವವರಿದ್ದಾರೆ. ಅವರು ಆ ಹೊತ್ತಿನಲ್ಲಿ ಮಿಸ್ ಮುಖವನ್ನು ನೋಡಬೇಕಿತ್ತು. ಹತ್ತು ವರ್ಷ ಇಳಿದಿತ್ತು.

"ನನಗೆ ಗೊತ್ತು" ಎಂದು ಸ್ಟೂಲಿನಿಂದ ಎದ್ದರು. "ನಮ್ಮಪ್ಪ ಕಲಿಸಿದ ಕೆಲಸ. ಬಂದು ಮಾಡಿಕೊಡ್ತೀನಿ. ಆದ್ರೆ ನಮ್ಮಲ್ಲಿ ಒಂದು ಪದ್ಧತಿ ಇದೆ, ಬರೆದವರೇ ಒರೆಸಬೇಕು. ಬರೆದವರು ನಲವತ್ತು ಮಕ್ಕಳು. ಶನಿವಾರಕ್ಕೊಂದು ಚಿತ್ರ. ಒಂದು ಪೂರ್ತಿ ಒಣಗದೆ ಇನ್ನೊಂದು ಮುಟ್ಟೋ ಹಾಗಿಲ್ಲ."

ಅಧ್ಯಕ್ಷರು ಸಂಶಯದಿಂದ ನನ್ನ ಕಡೆ ನೋಡಿದರು. "ಹೌದೇನೋ?"

ಅರಗು ಒಣಗಲು ಒಂದು ಗಂಟೆ ಬೇಕು. "ಹೌದು ಸಾರ್, ಒಂದು ವಾರ" ಎಂದೆ. ಕೆಲಸ ಗೊತ್ತಿಲ್ಲದವರು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಂಡರು.

ಈಗ ಶನಿವಾರ ಶನಿವಾರ ಮಿಸ್ ಅಪ್ಪನ ಬ್ರಷ್ಷಿನ ಡಬ್ಬಿ ಹಿಡಿದು ಶಾಲೆಯ ಗೇಟಿಗೆ ಹೋಗುತ್ತಾರೆ. ಕಾವಲುಗಾರನ ಪುಸ್ತಕದಲ್ಲಿ ಉದ್ಯೋಗ ಎಂಬ ಕಡೆ 'ಪೇಂಟರ್' ಎಂದು ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಒಂದು ಮಗು ಮೊದಲ ಪಟ್ಟಿ ಬಳಿಯುತ್ತದೆ. ಅದು ಒಣಗಬೇಕಲ್ಲ, ಅಲ್ಲಿಯವರೆಗೆ ಸುಮ್ಮನೆ ಕೂರಲಾಗುತ್ತದೆಯೇ? ಉಳಿದ ಮೂವತ್ತೊಂಬತ್ತು ಮಕ್ಕಳು ನೆಲದ ತುಂಬ ಸೀಮೆಸುಣ್ಣ ಹಿಡಿದು ಮಧ್ಯಾಹ್ನದವರೆಗೆ ಬರೆಯುತ್ತಾರೆ. ಆ ಹೊತ್ತಿನಲ್ಲಿ ಯಾವ ಸಭೆಯೂ ಇಲ್ಲ. ಮಿಸ್ ಗೋಡೆಯ ಎದುರು ಕೂತು ಊಟದ ಡಬ್ಬಿ ಬಿಚ್ಚುತ್ತಾರೆ, ಬಾಗಿಲಿಗೆ ಬೆನ್ನು ಹಾಕಿ.

ಹೋದ ಶನಿವಾರಕ್ಕೆ ಹನ್ನೊಂದು ಚಿತ್ರ ಮುಗಿಯಿತು. ಪಾಲಿಶ್ ಒಯ್ಯಲು ಬಂದಾಗ, ಕೊಡೆಯ ಸರದಿ ಯಾವಾಗ ಎಂದು ಕೇಳಿದೆ.

"ಅವಸರ ಏನೋ? ಕೊನೇಲಿ" ಎಂದರು ಮಿಸ್. "ಡಬ್ಬಿ ಸಣ್ಣದು ಕೊಡು. ಬೇಗ ಖಾಲಿಯಾಗಲಿ, ಕೆಲಸ ಇನ್ನಷ್ಟು ಎಳೆಯಲಿ."